ಎಡೆದೊರೆ ಸೀಮೆಯ ಬಾತು, ಹೆಬ್ಬಾತುಗಳು: ಶಿಕಾರಿ ಮತ್ತು ಗುರುತು

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ, ಮುಖ್ಯವಾಗಿ ಇಂದಿನ ರಾಯಚೂರು ಜಿಲ್ಲೆಯಲ್ಲಿ, ಕಾಣಸಿಗುವ ಕಾಡುಬಾತು ಮತ್ತು ಹೆಬ್ಬಾತುಗಳ ಪರಿಚಯ ಹಾಗೂ ಅವುಗಳ ಗುರುತು ಹಿಡಿಯುವ ಕ್ರಮ ಇಲ್ಲಿದೆ. ಈ ತಿಳಿವಳಿಕೆ ಬಂದೂಕಿನ ನೆರಳಲ್ಲೇ ಬೆಳೆಯಿತು. ನಸುಕಿನ ಮಬ್ಬಿನಲ್ಲಿ, ನೂರು ಗಜ ದೂರದಲ್ಲಿ, ತಲೆಯ ಮೇಲೆ ಹಾದುಹೋಗುವ ಹಕ್ಕಿ ಯಾವುದೆಂದು ಕ್ಷಣದೊಳಗೆ ನಿರ್ಧರಿಸಬೇಕಾದ ಅಗತ್ಯ ಶಿಕಾರಿಯವನದು. ಭಾರತದಲ್ಲಿ ಈಗ ಬಾತುಗಳ ಬೇಟೆ ಪೂರ್ತಿ ನಿಷಿದ್ಧ. ಆದರೂ ಅಂದಿನವರು ನೆಚ್ಚಿದ್ದ ಲಕ್ಷಣಗಳೇ ಇಂದು ಹಕ್ಕಿ ಎಣಿಸುವವರ, ಕಳ್ಳಬೇಟೆ ಹಿಡಿಯುವವರ ಕೈಗೆ ಬಂದಿವೆ.

ನೆಲ, ನೀರು

ರಾಯಚೂರು ಮಳೆ ಕಡಿಮೆಯಿರುವ ಎರೆಭೂಮಿ. ನಡುನಡುವೆ ಬಂಡೆಗಲ್ಲಿನ ಗುಡ್ಡಗಳು. ಕಾಲುವೆಗಳು ಬರುವ ಮೊದಲು ನೀರುಹಕ್ಕಿಗಳಿಗೆ ಇಲ್ಲಿದ್ದ ಆಸರೆಯೆಂದರೆ ನದಿಗಳ ಮರಳು ದಂಡೆ, ಮಡು, ನಡುಗಡ್ಡೆಗಳು ಮತ್ತು ಊರೂರಿನ ಹಳೆಯ ಕೆರೆಗಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಮುಗಿದು, 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳಿಗೆ ನೀರು ಹರಿಸಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗಗಳಿಗೂ ಅದೇ ಬದಲಾವಣೆ ತಂದಿತು. ಗದ್ದೆಯ ತೆಳುನೀರು, ಕಟಾವಿನ ಹೊತ್ತಿಗೆ ಉದುರಿದ ಕಾಳು, ಕಾಲುವೆಯ ಬಸಿನೀರು ನಿಂತು ಆದ ಜೊಂಡಿನ ಹೊಂಡಗಳು ಬಾತುಗಳಿಗೆ ಹೇಳಿ ಮಾಡಿಸಿದಂಥವು. ಕಾಲುವೆ ಮುಟ್ಟದ ಊರುಗಳಲ್ಲಿ ಇಂದಿಗೂ ಮಳೆ ಹೇಗೋ ಕೆರೆ ಹಾಗೆ, ಕೆರೆ ಹೇಗೋ ಹಕ್ಕಿ ಹಾಗೆ. ಚಂದ್ರಬಂಡ ಹೋಬಳಿಯ ಕಡೆ ಹಕ್ಕಿ ನೋಡಹೋಗುವವರು ಮೊದಲು ಆ ವರ್ಷದ ಹಿಂಗಾರಿನ ಸುದ್ದಿ ಕೇಳಿಕೊಂಡರೆ ಒಳ್ಳೆಯದು.

ಈ ಜಿಲ್ಲೆಯ ಹಕ್ಕಿಗಳನ್ನು ನೆರೆಹೊರೆಯ ಕೆರೆಗಳಿಂದ ಬೇರೆಮಾಡಿ ನೋಡಲಾಗದು. ಕೃಷ್ಣೆಯ ಆಚೆ ದಡದಲ್ಲಿ, ಯಾದಗಿರಿ ಜಿಲ್ಲೆಯ ಸುರಪುರದ ಬಳಿ ಬೋನಾಳ ಕೆರೆಯಿದೆ. ಸುರಪುರದ ನಾಯಕ ಅರಸರು 17ನೆಯ ಶತಮಾನದಲ್ಲಿ ಕಟ್ಟಿಸಿದ, 19ನೆಯ ಶತಮಾನದಲ್ಲಿ ಫಿಲಿಪ್ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ ಈ ಕೆರೆ ಈಗ ಪಕ್ಷಿಧಾಮ. ಪಶ್ಚಿಮಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆ, ದಕ್ಷಿಣಕ್ಕೆ ವಿಜಯನಗರ ಜಿಲ್ಲೆಯ ಅಂಕಸಮುದ್ರ. ಇವೆರಡೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದವು. ಒಂದು ಕೆರೆ ಬತ್ತಿದರೆ ಹಕ್ಕಿ ಇನ್ನೊಂದಕ್ಕೆ ಹೋಗುತ್ತದೆ. ಅವಕ್ಕೆ ತಾಲ್ಲೂಕು, ಜಿಲ್ಲೆಯ ಗಡಿ ಗೊತ್ತಿಲ್ಲ.

ಶಿಕಾರಿಯ ಕಾಲ

1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಚಳಿಗಾಲದ ಬಾತು ಶಿಕಾರಿ ಇಡೀ ದೇಶದಲ್ಲಿ ಅಧಿಕಾರಿಗಳ, ಜಾಗೀರುದಾರರ ದೊಡ್ಡ ಹವ್ಯಾಸವಾಗಿದ್ದ ಕಾಲ ಅದು. ಅದರ ಅತಿರೇಕ ಎಷ್ಟಿತ್ತೆಂದರೆ, 1938ರ ನವೆಂಬರ್ 12ರಂದು ಭರತಪುರದಲ್ಲಿ ವೈಸರಾಯ್ ಲಿನ್‌ಲಿತ್‌ಗೊ ಅವರ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆಯಿತು. ಅಂಥ ದಿನ ಹಕ್ಕಿಯ ಜಾತಿ ನೋಡಿ ಗುಂಡು ಹಾರಿಸಿದವರು ಎಷ್ಟು ಮಂದಿಯೋ, ಊಹಿಸಬಹುದು.

ಆದರೆ ಶಿಕಾರಿಗಳಲ್ಲೇ ಇನ್ನೊಂದು ಬಗೆಯವರಿದ್ದರು. ಹೊಡೆದ ಹಕ್ಕಿಯನ್ನು ಅಳೆದು, ತೂಗಿ, ಹೊಟ್ಟೆ ಸೀಳಿ ಏನು ತಿಂದಿದೆ ಎಂದು ಬರೆದಿಟ್ಟವರು. ಎ.ಓ. ಹ್ಯೂಮ್ ಮತ್ತು ಸಿ.ಎಚ್.ಟಿ. ಮಾರ್ಷಲ್ 1879ರಿಂದ 1881ರ ನಡುವೆ ಭಾರತ, ಬರ್ಮಾ, ಸಿಲೋನಿನ ಬೇಟೆಹಕ್ಕಿಗಳ ಬಗ್ಗೆ ಮೂರು ಸಂಪುಟ ಹೊರತಂದರು. ಸ್ಟುವರ್ಟ್ ಬೇಕರ್ 1908ರಲ್ಲಿ ಬಾತುಗಳಿಗೆಂದೇ ಒಂದು ಗ್ರಂಥ ಬರೆದರು. ಸಲೀಂ ಅಲಿ 1931–32ರಲ್ಲಿ ನಿಜಾಮರ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಎಡೆದೊರೆ ಸೀಮೆಯ ಹಕ್ಕಿಗಳ ಬಗ್ಗೆ ಮಾತಾಡುವವರು ಇವತ್ತಿಗೂ ಈ ಹಳೆಯ ಬರಹಗಳಿಂದಲೇ ಶುರುಮಾಡಬೇಕು.

ಬಂದೂಕಿಲ್ಲದವರ ಬೇಟೆ ಬೇರೆ. ಬಲೆ, ಉರುಲು, ಗಾಳ ಎಲ್ಲವೂ ಬಳಕೆಯಲ್ಲಿದ್ದವು. ಕೆರೆಯಲ್ಲಿ ಕೆಲವು ದಿನ ಖಾಲಿ ಮಡಕೆಗಳನ್ನು ತೇಲಬಿಟ್ಟು, ಹಕ್ಕಿಗಳಿಗೆ ಅವು ರೂಢಿಯಾದ ಮೇಲೆ ತೂತುಮಾಡಿದ ಮಡಕೆಯೊಳಗೆ ತಲೆಯಿಟ್ಟು ಕುತ್ತಿಗೆವರೆಗೆ ನೀರಲ್ಲಿ ನಡೆದು, ಬಾತುಗಳ ಕಾಲು ಹಿಡಿದು ಕೆಳಗೆ ಎಳೆಯುವ ಉಪಾಯವನ್ನು ದೇಶದ ಹಲವು ಕಡೆ ದಾಖಲಿಸಿದ್ದಾರೆ. ಈ ಬೇಟೆಗಾರನಿಗೆ ಹಾರಾಟದ ಲಕ್ಷಣಗಳ ಹಂಗಿಲ್ಲ. ಹಕ್ಕಿ ಅವನ ಮೂಗಿನ ಮುಂದೆಯೇ ಇರುತ್ತಿತ್ತು.

ಕಾನೂನಿನ ಕತೆ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಬಾತುಗಳನ್ನು ಸಣ್ಣ ಬೇಟೆಯ ಪಟ್ಟಿಯಲ್ಲಿಟ್ಟು ಪರವಾನಗಿಗೆ ದಾರಿ ಬಿಟ್ಟಿತ್ತು. 1991ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. 2022ರ ತಿದ್ದುಪಡಿಯ ನಂತರ, ಕಾಯ್ದೆ ಉಲ್ಲಂಘನೆಗೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಅನುಸೂಚಿಯ ಜೀವಿಯಾದರೆ ಶಿಕ್ಷೆ ಇನ್ನೂ ಕಠಿಣ. ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಗುರುತಿಸುವಿಕೆಗೇ ಪರೀಕ್ಷೆ ಇಡುವುದುಂಟು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ನೀರುಹಕ್ಕಿ ಗುರುತಿಸುವ ಪರೀಕ್ಷೆಯಲ್ಲಿ ಪಾಸಾಗದವನಿಗೆ ಬಾತು ಬೇಟೆಯ ಲೈಸೆನ್ಸ್ ಸಿಗದು. ಅಮೆರಿಕದಲ್ಲಿ ದಿನಕ್ಕೆ ಯಾವ ಜಾತಿಯವು ಎಷ್ಟು, ಕೆಲವು ಜಾತಿಗಳಲ್ಲಿ ಹೆಣ್ಣು ಎಷ್ಟು ಎಂಬ ಮಿತಿಯಿದೆ. ಹಕ್ಕಿ ಗಾಳಿಯಲ್ಲಿರುವಾಗಲೇ ಲೆಕ್ಕ ಸರಿಯಿರಬೇಕು, ಬಿದ್ದ ಮೇಲೆ ಅಲ್ಲ.

ಗುರುತಿನ ಮೊದಲ ಪಾಠ: ಬಣ್ಣ ಮರೆಯಿರಿ

ಪುಸ್ತಕದ ಚಿತ್ರ ನೋಡಿ ಕೆರೆಗೆ ಹೋದವರು ಸೋಲುವುದು ಬಣ್ಣದಲ್ಲಿ. ಬಾತುಗಳು ಚುರುಕಾಗಿ ಓಡಾಡುವುದು ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ. ಆಗ ಎಲ್ಲವೂ ಕಪ್ಪು ಆಕೃತಿಗಳೇ. ಹಗಲಲ್ಲೂ ಎದುರುಬಿಸಿಲಿದ್ದರೆ ಹಸಿರು ತಲೆ ಕಪ್ಪಾಗಿ, ಕಂದು ಮೈ ಬೂದಾಗಿ ಕಾಣುತ್ತದೆ. ಅದಕ್ಕೇ ಪಳಗಿದವರು ಈ ಕ್ರಮ ಹಿಡಿಯುತ್ತಾರೆ: ಮೊದಲು ಗಾತ್ರ ಮತ್ತು ಕತ್ತು, ಆಮೇಲೆ ರೆಕ್ಕೆ ಬಡಿತ, ಆಮೇಲೆ ದನಿ, ಆಮೇಲೆ ರೆಕ್ಕೆಯ ಮೇಲಿನ ಬಿಳಿ. ಬಣ್ಣ ಕಡೆಗೆ.

ನೀರಿನಿಂದ ಏಳುವ ರೀತಿಯೇ ಅರ್ಧ ಗುರುತು. ಮೇಲ್ನೀರಿನಲ್ಲಿ ಮೇಯುವ ಬಾತುಗಳು ತಲೆ ಮುಳುಗಿಸಿ, ಬಾಲ ಮೇಲೆತ್ತಿ ತಿನ್ನುತ್ತವೆ. ಬೆದರಿದರೆ ಇದ್ದಲ್ಲಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತವೆ. ವರಟೆ, ಸೂಜಿಬಾಲದ ಬಾತು, ಚಲುಕ ಬಾತು, ಬಿಳಿಹುಬ್ಬಿನ ಬಾತು ಈ ಗುಂಪಿನವು. ಮುಳುಗುವ ಬಾತುಗಳ ಕಾಲು ಮೈಯ ಹಿಂಭಾಗದಲ್ಲಿದ್ದು ರೆಕ್ಕೆ ಚಿಕ್ಕವು. ಅವಕ್ಕೆ ಒಮ್ಮೆಲೇ ಏಳಲು ಆಗುವುದಿಲ್ಲ. ನೀರಿನ ಮೇಲೆ ಪಟಪಟ ಓಡಿ, ವೇಗ ಪಡೆದು ಮೇಲೇರುತ್ತವೆ. ಕೆಂದಲೆ ಬಾತು, ಕೆಂಜುಟ್ಟಿನ ಬಾತು, ಕಪ್ಪುಜುಟ್ಟಿನ ಬಾತುಗಳು ಹೀಗೆ. ಇವು ಆಳದ ಕೆರೆ, ಜಲಾಶಯಗಳ ಹಕ್ಕಿಗಳು. ಮೊಣಕಾಲುದ್ದದ ಗದ್ದೆ ನೀರಲ್ಲಿ ಇವನ್ನು ಹುಡುಕಬಾರದು.

ಇನ್ನು ರೆಕ್ಕೆ. ಬಹುಪಾಲು ಮೇಲ್ನೀರಿನ ಬಾತುಗಳ ರೆಕ್ಕೆಯ ಹಿಂಬದಿಯಲ್ಲಿ, ಮೈಗೆ ಹತ್ತಿರವಾಗಿ, ಲೋಹದ ಹೊಳಪಿನ ಒಂದು ಚೌಕವಿರುತ್ತದೆ. ವರಟೆಯ ರೆಕ್ಕೆಯೊಂದನ್ನು ಬಿಡಿಸಿ ಹಿಡಿದು ನೋಡಿದರೆ ಆ ಚೌಕ ಬೆಳಕಿನ ಕೋನಕ್ಕೆ ತಕ್ಕಂತೆ ಹಸಿರು, ನೀಲಿ, ನೇರಳೆ ಎಂದು ಓಲಾಡುತ್ತದೆ. ಹಿಂದೂ ಮುಂದೂ ಒಂದು ಕಪ್ಪು, ಒಂದು ಬಿಳಿ ಗೆರೆ. ಮೈಗಂಟಿದ ಕೊನೆಯ ಗರಿಗಳ ಅಂಚು ಸುಣ್ಣದಷ್ಟು ಬಿಳುಪು. ದೂರದಿಂದ ಹಸಿರು ಕಾಣಿಸುವುದಿಲ್ಲ, ಆ ಬಿಳಿ ಮಾತ್ರ ಕಾಣುತ್ತದೆ. ನೀರಲ್ಲಿ ಕೂತಾಗ ಬೆನ್ನಿನ ಹಿಂಭಾಗದಲ್ಲಿ ಎದ್ದು ತೋರುವುದೂ ಅದೇ.

ಗಂಡುಗಳ ಮಾರುವೇಷ

ಗುರುತಿಸುವವರನ್ನು ಅತಿ ಹೆಚ್ಚು ಕಾಡುವ ಸಂಗತಿ ಇದು. ಉತ್ತರದಿಂದ ಬರುವ ಬಾತುಗಳಲ್ಲಿ ಗಂಡು ಹೆಣ್ಣುಗಳ ವೇಷ ಬೇರೆ ಬೇರೆ. ಗಂಡು ಬಣ್ಣಬಣ್ಣದ್ದು, ಹೆಣ್ಣು ಕಂದು ಚುಕ್ಕೆಗಳದ್ದು. ಆದರೆ ಮರಿ ಮಾಡುವ ಕಾಲ ಕಳೆದ ಮೇಲೆ ಗಂಡು ತನ್ನ ಬಣ್ಣದ ಗರಿಗಳನ್ನು ಉದುರಿಸಿ ಕೆಲವು ತಿಂಗಳು ಹೆಣ್ಣಿನಂತೆಯೇ ಮಂಕಾಗಿರುತ್ತದೆ. ಆ ನಡುವೆ ಹಾರುಗರಿಗಳೂ ಒಟ್ಟಿಗೇ ಉದುರಿ ಕೆಲವು ವಾರ ಹಾರಲಾಗದೆ ಜೊಂಡಿನಲ್ಲಿ ಅಡಗಿರುತ್ತದೆ. ಹಾರುಗರಿ ಬಂದ ಮೇಲೆ ವಲಸೆ ಹೊರಡುತ್ತದೆಯಾದರೂ ಮೈಬಣ್ಣ ಇನ್ನೂ ಮರಳಿರುವುದಿಲ್ಲ.

ಹೀಗಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಾನ್ವಿಯ ಕಾಲುವೆ ಬದಿಯ ಹೊಂಡದಲ್ಲಿ ಐವತ್ತು ಬಾತು ಕಂಡರೆ ಐವತ್ತೂ ಹೆಣ್ಣಿನಂತೆಯೇ ತೋರುತ್ತವೆ. ಆಗ ನೆರವಿಗೆ ಬರುವುದು ರೆಕ್ಕೆ ಮತ್ತು ಕೊಕ್ಕು. ರೆಕ್ಕೆಯ ಮೇಲಿನ ಗುರುತು ಈ ಮಾರುವೇಷದಲ್ಲೂ ಬದಲಾಗುವುದಿಲ್ಲ. ಬಿಳಿಹುಬ್ಬಿನ ಬಾತಿನ ಗಂಡಿಗೆ ಬಿಳಿ ಹುಬ್ಬು ಇಲ್ಲದಿದ್ದರೂ ರೆಕ್ಕೆಯ ಮುಂಭಾಗ ತಿಳಿನೀಲಿ ಬೂದುಬಣ್ಣವೇ. ಚಲುಕ ಬಾತಿನ ಕೊಕ್ಕು ಯಾವ ವೇಷದಲ್ಲೂ ಸಲಿಕೆಯೇ. ಜನವರಿಯ ಹೊತ್ತಿಗೆ ಗಂಡುಗಳು ಬಣ್ಣ ತುಂಬಿಕೊಳ್ಳುತ್ತವೆ. ಹೊಸಬರು ಕಲಿಯಲು ಜನವರಿ, ಫೆಬ್ರವರಿಯೇ ತಕ್ಕ ಕಾಲ.

ಹೆಬ್ಬಾತು

ಎಡೆದೊರೆಯಲ್ಲಿ ಹೆಬ್ಬಾತು ಎಂದರೆ ಒಂದೇ, ಪಟ್ಟೆತಲೆ ಹೆಬ್ಬಾತು. ತಿಳಿಬೂದು ಮೈ, ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಕತ್ತಿನ ಪಕ್ಕದಲ್ಲಿ ಇಳಿದ ಬಿಳಿ ಗೆರೆ, ಹಳದಿ ಕೊಕ್ಕು, ಹಳದಿ ಕಾಲು. ಎಳೆಯವಕ್ಕೆ ಪಟ್ಟೆಗಳಿರುವುದಿಲ್ಲ, ನೆತ್ತಿ ಮತ್ತು ಹಿಂಗತ್ತು ಕಂದು. ಪಟ್ಟೆಯಿಲ್ಲದ ಇಂಥ ಎಳೆಹಕ್ಕಿಯನ್ನು ಬೂದು ಹೆಬ್ಬಾತು ಎಂದು ಬರೆದುಕೊಳ್ಳುವ ತಪ್ಪು ಆಗಾಗ ನಡೆಯುತ್ತದೆ. ಬೂದು ಹೆಬ್ಬಾತಿನದು ದಪ್ಪನೆಯ ಗುಲಾಬಿ ಕೊಕ್ಕು, ಗುಲಾಬಿ ಕಾಲು. ಅದು ಉತ್ತರ ಭಾರತದ ಅತಿಥಿ, ದಖನ್ನಿನಲ್ಲಿ ಅಪರೂಪ.

ಹಾರಾಟದಲ್ಲಿ ಇದನ್ನು ತಪ್ಪುವಂತಿಲ್ಲ. ಉದ್ದ ಕತ್ತು, ನಿಧಾನದ ಬಲವಾದ ಬಡಿತ, ಓರೆ ಸಾಲು ಅಥವಾ ಕೋನದ ಆಕಾರ, ಮೂಗಿನಿಂದ ಬಂದಂಥ ಆಂಗ್ ಆಂಗ್ ದನಿ. ರೆಕ್ಕೆಯ ಮುಂದಿನ ಅರ್ಧ ಬಿಳಿಬೂದು, ಹಿಂದಿನ ಅಂಚು ಕಪ್ಪು. ಮಂಗೋಲಿಯಾ, ಟಿಬೆಟ್, ಚೀನಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಉಪಗ್ರಹದ ಸಾಧನ ಕಟ್ಟಿ ನಡೆಸಿದ ಅಧ್ಯಯನದಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಅದಕ್ಕಿದೆ.

ಹಗಲೆಲ್ಲ ಕೆರೆಯ ನಡುವೆ ಅಥವಾ ದಂಡೆಯಲ್ಲಿ ಗುಂಪಾಗಿ ಮಲಗಿದ್ದು, ಸಂಜೆ ಹೊಲಗಳಿಗೆ ಮೇಯಲು ಹೊರಡುವುದು ಇದರ ದಿನಚರಿ. ಹುಲ್ಲು, ಎಳೆಯ ಬೆಳೆ, ಉದುರಿದ ಕಾಳು ಆಹಾರ. ಮಾಗಡಿ ಕೆರೆಯ ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಇವು ಇಳಿಯುತ್ತವೆ. ಅಲ್ಲಿನ ರೈತರು ನಷ್ಟವಾದರೂ ಹಕ್ಕಿಗಳನ್ನು ಓಡಿಸದೆ ಇರುವುದು ಹೆಸರುವಾಸಿ. ಹಳೆಯ ಶಿಕಾರಿಗಳೂ ಕೆರೆಯಲ್ಲಿ ಕಾಯುತ್ತಿರಲಿಲ್ಲ. ಕೆರೆಗೂ ಹೊಲಕ್ಕೂ ನಡುವಣ ದಾರಿಯಲ್ಲಿ ಕಾಯುತ್ತಿದ್ದರು.

ಹೆಬ್ಬಾತಿನಂತೆ ಕಾಣುವವು

ಗಾತ್ರದಿಂದ ಮೋಸ ಮಾಡುವವು ಎರಡು. ಒಂದು ಜಕ್ಕವಕ್ಕಿ, ಅಂದರೆ ಕಾವ್ಯಗಳ ಚಕ್ರವಾಕ. ರಾತ್ರಿ ಗಂಡು ಹೆಣ್ಣು ಅಗಲಿ ಕೂಗಾಡುತ್ತವೆಂಬ ಕವಿಸಮಯ ಇದರದೇ. ನದಿಯ ಮರಳದಂಡೆಯಲ್ಲಿ ಜೋಡಿಯಾಗಿ ಸಿಗುತ್ತದೆ, ಕೃಷ್ಣೆಯ ಹರವಾದ ಮರಳು ಅದಕ್ಕೆ ಇಷ್ಟ. ಕಿತ್ತಳೆಗಂದು ಮೈ, ಮಾಸಲು ತಲೆ. ಹಾರಿದಾಗ ರೆಕ್ಕೆಯ ಮುಂಭಾಗ ಮೇಲೂ ಕೆಳಗೂ ಅಚ್ಚ ಬಿಳಿ, ಹಾರುಗರಿ ಕಪ್ಪು. ಮರಿ ಮಾಡುವ ಕಾಲಕ್ಕೆ ಗಂಡಿನ ಕತ್ತಿನಲ್ಲಿ ತೆಳು ಕಪ್ಪು ಪಟ್ಟಿ ಮೂಡುತ್ತದೆ. ಮಾಂಸ ರುಚಿಯಿಲ್ಲವೆಂದು ಶಿಕಾರಿಗಳು ಇದನ್ನು ಬಿಡುತ್ತಿದ್ದರು. ಜೊತೆಗೆ ಇದು ಗಟ್ಟಿಯಾಗಿ ಕೂಗಿ ಕೆರೆಯ ಉಳಿದ ಹಕ್ಕಿಗಳನ್ನೂ ಎಬ್ಬಿಸಿಬಿಡುತ್ತಿತ್ತೆಂದು ಬೈದುಕೊಳ್ಳುತ್ತಿದ್ದರು.

ಇನ್ನೊಂದು ನಕ್ತಾ. ಇದು ವಲಸೆ ಬರುವುದಲ್ಲ, ಈ ದೇಶದ್ದೇ. ಬಿಳಿ ಹೊಟ್ಟೆ, ಹೊಳೆವ ಕಪ್ಪು ಬೆನ್ನು, ಚುಕ್ಕೆ ತಲೆ. ಗಂಡಿನ ಕೊಕ್ಕಿನ ಮೇಲೆ ಮಾಂಸದ ಗಂಟು. ಹೆಣ್ಣಿಗೆ ಗಂಟಿಲ್ಲ, ಗಾತ್ರವೂ ಚಿಕ್ಕದು. ಹಾರಿದಾಗ ರೆಕ್ಕೆ ಮೇಲೂ ಕೆಳಗೂ ಪೂರ್ತಿ ಕಪ್ಪು. ಮರದ ಪೊಟರೆಯಲ್ಲಿ ಗೂಡು ಮಾಡುವ ಈ ಹಕ್ಕಿಗೆ ಕೆರೆಯಷ್ಟೇ ಮುಖ್ಯ ಕೆರೆಯ ಪಕ್ಕದ ಹಳೆಯ ಮರ.

ಗದ್ದೆ, ಕೆರೆಗಳ ಬಾತುಗಳು

ವರಟೆ ಇಲ್ಲಿನ ವರ್ಷವಿಡೀ ವಾಸಿ. ಸಾಕಿದ ಬಾತಿನಷ್ಟು ದೊಡ್ಡದು. ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ಗಂಡು ಹೆಣ್ಣು ಒಂದೇ ತರ. ಶಿಳ್ಳೆಬಾತು ಕೂಡ ಇಲ್ಲಿಯದೇ. ಕಂದುಗೆಂಪು ಮೈ, ಉದ್ದ ಕತ್ತು, ಅಗಲ ದುಂಡು ರೆಕ್ಕೆ, ಹಾರಾಟ ಸೋಮಾರಿ. ಹಾರುತ್ತಲೇ ಎರಡು ಸ್ವರದ ಶಿಳ್ಳೆ ಹಾಕುತ್ತದೆ. ರಾತ್ರಿ ಭತ್ತದ ಗದ್ದೆಗೆ ಇಳಿಯುವುದರಿಂದ ಕಣ್ಣಿಗಿಂತ ಕಿವಿಗೇ ಮೊದಲು ಸಿಗುತ್ತದೆ. ರೆಕ್ಕೆಯಲ್ಲಿ ಬಿಳಿ ಎಳ್ಳಷ್ಟೂ ಇಲ್ಲ. ಇದರಂತೆಯೇ ಇರುವ ದೊಡ್ಡ ಶಿಳ್ಳೆಬಾತು ಅಪರೂಪ. ಅದರ ಬಾಲದ ಬುಡದಲ್ಲಿ ಬಿಳಿ ಅರ್ಧಚಂದ್ರವಿದೆ. ಹತ್ತಿಬಾತು ಇಲ್ಲಿನ ಬಾತುಗಳಲ್ಲೆಲ್ಲ ಚಿಕ್ಕದು, ತಾವರೆ ಎಲೆಗಳ ನಡುವೆ ಇರುವಂಥದ್ದು. ಗಂಡಿನ ರೆಕ್ಕೆಯಲ್ಲಿ ಅಗಲ ಬಿಳಿ ಪಟ್ಟೆ. ಇಂಗ್ಲಿಷಿನವರು ಇದನ್ನು ಕುಬ್ಜ ಹೆಬ್ಬಾತು ಎಂದು ಕರೆದುಬಿಟ್ಟಿದ್ದಾರೆ, ಹೆಬ್ಬಾತಿಗೂ ಇದಕ್ಕೂ ಸಂಬಂಧವಿಲ್ಲ.

ವಲಸೆಯವರಲ್ಲಿ ಬಿಳಿಹುಬ್ಬಿನ ಬಾತು ಎಲ್ಲಕ್ಕಿಂತ ಮೊದಲು ಬಂದು ಎಲ್ಲಕ್ಕಿಂತ ತಡವಾಗಿ ಹೋಗುತ್ತದೆ. ಏಪ್ರಿಲ್ ಬಿಸಿಲಲ್ಲೂ ಕೆರೆಯಲ್ಲಿ ಚಿಕ್ಕ ಬಾತುಗಳ ಗುಂಪಿದ್ದರೆ ಇದೇ ಇರಬಹುದು. ಇದರ ಹೆಣ್ಣಿಗೂ ಸಣ್ಣಬಾತಿನ ಹೆಣ್ಣಿಗೂ ಗಲಿಬಿಲಿ ಸಹಜ. ಬಿಳಿಹುಬ್ಬಿನದಕ್ಕೆ ಮುಖದಲ್ಲಿ ಎದ್ದುಕಾಣುವ ಗೆರೆಗಳು, ಕೊಕ್ಕಿನ ಬುಡದಲ್ಲಿ ಬಿಳಿ ಬೊಟ್ಟು. ಸಣ್ಣಬಾತಿನ ಮುಖ ಮಂಕು, ಬಾಲದ ಬುಡದ ಪಕ್ಕದಲ್ಲಿ ತಿಳಿ ಗೀರು. ಸೂಜಿಬಾಲದ ಬಾತಿಗೆ ನೀಳ ಕತ್ತು, ಮೊನಚು ಬಾಲ, ಬೂದು ಕೊಕ್ಕು. ಹೆಣ್ಣನ್ನು ಕತ್ತು ನೋಡಿಯೇ ಹೇಳಬಹುದು. ಚಲುಕ ಬಾತು ತಲೆ ತಗ್ಗಿಸಿ, ಅಗಲ ಕೊಕ್ಕನ್ನು ನೀರಲ್ಲಿಟ್ಟು, ಒಂದರ ಹಿಂದೊಂದು ಗಾಣದೆತ್ತುಗಳಂತೆ ಸುತ್ತು ಹಾಕುತ್ತ ಸೋಸಿ ತಿನ್ನುತ್ತದೆ. ಈ ಸುತ್ತಾಟ ಕಂಡರೆ ದುರ್ಬೀನು ಎತ್ತದೆಯೂ ಹೆಸರು ಬರೆದುಕೊಳ್ಳಬಹುದು. ಗ್ಯಾಡ್ವಾಲ್ ಬಾತಿಗೆ (ಪಕ್ಕದ ಗದ್ವಾಲ ಊರಿಗೂ ಇದಕ್ಕೂ ನಂಟಿಲ್ಲ) ರೆಕ್ಕೆಯ ಒಳ ಹಿಂಬದಿಯಲ್ಲಿ ಚಿಕ್ಕ ಬಿಳಿ ಚೌಕ.

ಮುಳುಗುವವುಗಳಲ್ಲಿ ಕೆಂದಲೆ ಬಾತಿನ ರೆಕ್ಕೆಯಲ್ಲಿ ಬೂದು ಪಟ್ಟೆ ಮಾತ್ರ. ಕೆಂಜುಟ್ಟಿನದಕ್ಕೂ ಕಪ್ಪುಜುಟ್ಟಿನದಕ್ಕೂ ಬಿಳಿ ಪಟ್ಟೆ. ಬಿಳಿಗಣ್ಣಿನ ಬಾತಿಗೆ ಬಾಲದಡಿ ಬಿಳಿ. ಕೆಂಜುಟ್ಟಿನ ಬಾತಿನ ಬಗ್ಗೆ ಒಂದು ಮಾತು ಸೇರಿಸಬೇಕು. ಭಾರತದಿಂದ ಕಣ್ಮರೆಯಾದ ಗುಲಾಬಿತಲೆ ಬಾತಿನ ಕೊನೆಯ ಖಚಿತ ಮಾದರಿ 1935ರಲ್ಲಿ ಬಿಹಾರದ ದರ್ಭಂಗಾದಲ್ಲಿ ಗುಂಡಿಗೆ ಬಿದ್ದದ್ದು. ಆಮೇಲೆ ಅದನ್ನು ಕಂಡೆವೆಂಬ ಸುದ್ದಿಗಳಲ್ಲಿ ಎಷ್ಟೋ ಸಲ ಕಂಡದ್ದು ಕೆಂಜುಟ್ಟಿನ ಬಾತೇ.

ಬಾತೇ ಅಲ್ಲದವು

ಕೆರೆಯ ಕಪ್ಪು ಹಕ್ಕಿಗಳೆಲ್ಲ ಬಾತಲ್ಲ. ನಾಮದ ಕೋಳಿ ಕಪ್ಪು ಮೈಗೆ ಬಿಳಿ ಹಣೆ, ಬಿಳಿ ಕೊಕ್ಕಿನದು; ಬೆರಳುಗಳ ಪಕ್ಕದಲ್ಲಿ ಚರ್ಮದ ಹಾಳೆಗಳಿದ್ದರೂ ಬಾತಿನಂತೆ ಬೆರಳಿಂದ ಬೆರಳಿಗೆ ಪೊರೆಯಿಲ್ಲ. ಏಳುವಾಗ ಇದೂ ನೀರ ಮೇಲೆ ಓಡುವುದರಿಂದ ಮುಳುಗುವ ಬಾತೆಂಬ ಭ್ರಮೆ. ಗುಳುಮುಳುಕ ತೀರಾ ಚಿಕ್ಕದು, ಬಾಲವೇ ಇಲ್ಲದಂತೆ ಕಾಣುತ್ತದೆ. ನೀರುಕಾಗೆಗಳು ಮೈ ಮುಳುಗಿಸಿ ಕತ್ತು ಮಾತ್ರ ಎತ್ತಿ ಈಜುತ್ತವೆ. ಸಾಲಾಗಿ ಹಾರುವಾಗ ದೂರದಿಂದ ಹೆಬ್ಬಾತುಗಳೇ ಅನ್ನಿಸುತ್ತವೆ. ಆದರೆ ಅವು ಬಡಿತದ ನಡುವೆ ತೇಲುತ್ತವೆ, ಹೆಬ್ಬಾತು ಬಡಿಯುತ್ತಲೇ ಇರುತ್ತದೆ.

ಹಕ್ಕಿ ಕೈಗೆ ಸಿಕ್ಕಾಗ

ಕಳ್ಳಬೇಟೆಯ ಮಾಲು ಸಿಕ್ಕಾಗ ಹಕ್ಕಿ ಇಡಿಯಾಗಿ ಇರುವುದು ಕಡಿಮೆ. ಗರಿ ಕಿತ್ತ ಮೈ, ಕತ್ತರಿಸಿದ ರೆಕ್ಕೆ, ಚೀಲದ ತಳದಲ್ಲಿ ಒಂದೆರಡು ಕಾಲು. ‘ಸಾಕಿದ ಬಾತು, ಸಂತೆಯಲ್ಲಿ ತಂದದ್ದು’ ಎಂಬ ಸಬೂಬು ಸಿದ್ಧವಾಗಿರುತ್ತದೆ. ಆಗ ಪಂಚನಾಮೆಯಲ್ಲಿ ‘ಹಕ್ಕಿ ಮಾಂಸ’ ಎಂದಷ್ಟೇ ಬರೆದರೆ ಪ್ರಕರಣ ಅಲ್ಲೇ ಸಡಿಲವಾಗುತ್ತದೆ. ರೆಕ್ಕೆಯನ್ನು ಪೂರ್ತಿ ಬಿಡಿಸಿ ಮೇಲಿನ ಮತ್ತು ಕೆಳಗಿನ ಮಗ್ಗುಲು ಎರಡನ್ನೂ ಅಳತೆಪಟ್ಟಿಯೊಂದಿಗೆ ಫೋಟೊ ತೆಗೆಯಬೇಕು. ಕೊಕ್ಕಿನ ಬಣ್ಣ ಹಕ್ಕಿ ಸತ್ತ ಮೇಲೆ ಬೇಗ ಮಾಸುವುದರಿಂದ ಸಿಕ್ಕ ಕೂಡಲೇ ಬರೆದುಕೊಳ್ಳಬೇಕು. ಕಾಲಿನ ಹಿಂಬೆರಳೂ ಸಾಕ್ಷಿ ಹೇಳುತ್ತದೆ: ಮುಳುಗುವ ಬಾತಿಗೆ ಅಲ್ಲಿ ಚರ್ಮದ ಅಗಲ ಹಾಳೆ ಇರುತ್ತದೆ, ಮೇಲ್ನೀರಿನದಕ್ಕೆ ಇರುವುದಿಲ್ಲ. ಗರಿಯೂ ಉಳಿದಿರದಿದ್ದರೆ ಅಂಗಾಂಶದ ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇವೆ.

ಗಾಯವಿಲ್ಲದೆ ಗುಂಪಾಗಿ ಸತ್ತ ಹಕ್ಕಿಗಳನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ನೀರುಹಕ್ಕಿಗಳು ಬಲಿಯಾದಾಗ ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ಅಂಥದ್ದು ಕಂಡರೆ ಮೊದಲು ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ಹಕ್ಕಿಯ ಕಾಲಲ್ಲಿ ಲೋಹದ ಉಂಗುರ ಅಥವಾ ಹೆಬ್ಬಾತಿನ ಕತ್ತಿನಲ್ಲಿ ಬಣ್ಣದ ಪಟ್ಟಿ ಇದ್ದರೆ ಅದರ ಮೇಲಿನ ಅಕ್ಷರ, ಅಂಕಿ, ಪಟ್ಟಿಯ ಬಣ್ಣ, ಯಾವ ಕಾಲು, ದಿನಾಂಕ, ಊರು ಇಷ್ಟನ್ನು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸುವುದು ರೂಢಿ. ಮಂಗೋಲಿಯಾದಲ್ಲಿ ಪಟ್ಟಿ ಕಟ್ಟಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಪತ್ತೆಯಾದದ್ದು ಹೀಗೆ, ದೂರದರ್ಶಕದಲ್ಲಿ ಅಕ್ಷರ ಓದಿದವರಿಂದ. ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆದುಬಂದಿದೆ. ರಾಯಚೂರಿನ ಬಳಿಯ ಮನ್ಸಲಾಪುರ ಕೆರೆಯಂಥ ಜಾಗದಲ್ಲಿ ಎಣಿಕೆಗೆ ನಿಲ್ಲುವವರು ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಪೂರ್ವದ ದಂಡೆಯಿಂದ ಬೆಳಗಿನ ಹೊತ್ತು ಎಣಿಸುವುದು ಲೇಸು. ಗುರುತು ಸಿಗದ ಹಕ್ಕಿಯನ್ನು ‘ಬಾತು, ಜಾತಿ ತಿಳಿಯದು’ ಎಂದೇ ನಮೂದಿಸಲು ಗಣತಿಯ ಪಟ್ಟಿಯಲ್ಲಿ ಬೇರೆ ಸಾಲಿದೆ.